‘ಮಾರಾಟಕ್ಕಲ್ಲ’ ಎಂಬ ಷರತ್ತು ತಡೆಯುವುದು ಯಾರನ್ನು?

ಬೆಲೆಯಿಲ್ಲದೆ ದೊರೆತ ತಂತ್ರಾಂಶವನ್ನು ಹೇಗೆ ಬೇಕಾದರೂ ಬಳಸಬಹುದೆಂಬ ಭಾವನೆ ವ್ಯಾಪಾರ ವಲಯದಲ್ಲಿ ಬೇರೂರಿದೆ. ಇದು ಸರಿಯಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕಂಪ್ಯೂಟರ್ ತಂತ್ರಾಂಶವೂ ಸಾಹಿತ್ಯ ಕೃತಿಗಳ ಸಾಲಿಗೆ ಸೇರುತ್ತದೆ. ಕರ್ತೃವಿನ ಪರವಾನಗಿಯೇ ಅದರ ಬಳಕೆಯ ಎಲ್ಲೆ. ಉಚಿತ ಪರವಾನಗಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ವಾಣಿಜ್ಯ ಬಳಕೆಯನ್ನು ನಿಷೇಧಿಸುವ ‘ವಾಣಿಜ್ಯೇತರ’ ಪರವಾನಗಿ ಮತ್ತು ಷರತ್ತುಬದ್ಧವಾಗಿ ಮಾರಾಟಕ್ಕೂ ಅನುಮತಿ ನೀಡುವ ‘ಮುಕ್ತ’ ಪರವಾನಗಿ. ಇವುಗಳಲ್ಲಿ ಯಾವುದು ಹಿತಕರವೆಂಬುದಕ್ಕೆ ಎಮ್ಯುಲೇಟರ್‌ಗಳ ಇತಿಹಾಸ ಉತ್ತಮ ನಿದರ್ಶನ.

ಹಳೆಯ ಯಂತ್ರವೊಂದರ ಕಾರ್ಯವನ್ನು ಹೊಸ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶವೇ ಎಮ್ಯುಲೇಟರ್. ನಾಣ್ಯ ಹಾಕಿ ಆಡುವ ವಿಡಿಯೊ ಗೇಮ್ ಯಂತ್ರಗಳಿಗಾಗಿ ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರ ಫೆಬ್ರವರಿಯಲ್ಲಿ ‘ಮೇಮ್’ ಎಂಬ ಎಮ್ಯುಲೇಟರನ್ನು ಹೊರತಂದರು. ಹಲವು ದೇಶಗಳ ಸ್ವಯಂಸೇವಕರು ಅದನ್ನು ಬೆಳೆಸಿದರು. ಅದನ್ನು ಮಾರಕೂಡದು, ವಾಣಿಜ್ಯ ಚಟುವಟಿಕೆಗೆ ಬಳಸಕೂಡದು ಎಂಬ ಷರತ್ತು ಬಹುಕಾಲ ಜಾರಿಯಲ್ಲಿತ್ತು.

ಈ ಷರತ್ತಿನ ಹಿಂದಿನ ಆತಂಕ ನ್ಯಾಯವಾದದ್ದೇ. ಸಂಬಳವಿಲ್ಲದೆ ದುಡಿದವರ ಶ್ರಮವನ್ನು, ಅನುಮತಿಯಿಲ್ಲದೆ ನಕಲು ಮಾಡಿದ ನೂರಾರು ಆಟಗಳೊಡನೆ ಪೆಟ್ಟಿಗೆಗೆ ತುಂಬಿ ಮಾರುವವರು ಇದ್ದೇ ಇದ್ದರು. ಆದರೆ ಬೀಗವು ಕಳ್ಳನಿಗಿಂತ ಸಭ್ಯನನ್ನೇ ಹೆಚ್ಚು ತಡೆಯುತ್ತದೆ. ಕೃತಿಸ್ವಾಮ್ಯವನ್ನೇ ಲೆಕ್ಕಿಸದವನು ಪರವಾನಗಿಗೆ ಅಂಜುವನೇ? ಹಿಂಜರಿಯಬೇಕಾಗಿ ಬಂದದ್ದು ಪ್ರವೇಶ ಶುಲ್ಕ ಪಡೆಯುವ ವಸ್ತುಸಂಗ್ರಹಾಲಯ ಮತ್ತು ತನ್ನದೇ ಹಳೆಯ ಆಟವನ್ನು ಮರುಬಿಡುಗಡೆ ಮಾಡಬಯಸುವ ಕಂಪನಿ. ಹಣ ಪಡೆದು ಯಂತ್ರ ದುರಸ್ತಿ ಮಾಡುವವನು ತಂತ್ರಾಂಶವನ್ನು ಪರೀಕ್ಷೆಗೆ ಬಳಸಿದರೆ ಅದು ವಾಣಿಜ್ಯವೇ ಅಲ್ಲವೇ ಎಂಬ ಪ್ರಶ್ನೆಗೂ ಸ್ಪಷ್ಟ ಉತ್ತರವಿರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಮತ್ತೊಂದಿದೆ. ಹಲವರು ಸೇರಿ ಬರೆದ ತಂತ್ರಾಂಶದಲ್ಲಿ ಪ್ರತಿಯೊಬ್ಬನೂ ತನ್ನ ಭಾಗದ ಒಡೆಯ. ಹಣ ಕೊಟ್ಟು ಅನುಮತಿ ಪಡೆಯಲು ಸಿದ್ಧನಾದ ಉದ್ಯಮಿಗೂ ಇಡೀ ಕೃತಿಯ ಪರವಾಗಿ ಸಹಿ ಹಾಕಬಲ್ಲ ಒಬ್ಬ ವ್ಯಕ್ತಿ ಸಿಗುವುದಿಲ್ಲ. 2019ರಲ್ಲಿ ‘ಕ್ಯಾಪ್‌ಕಾಮ್ ಹೋಮ್ ಆರ್ಕೇಡ್’ ಎಂಬ ಆಟದ ಯಂತ್ರ ಪ್ರಕಟವಾದಾಗ ಇದೇ ವಿವಾದ ಎದ್ದಿತು. ಅದರಲ್ಲಿ ಬಳಸಿದ್ದ ‘ಎಫ್‌ಬಿ ಆಲ್ಫಾ’ ಎಮ್ಯುಲೇಟರಿನದು ವಾಣಿಜ್ಯೇತರ ಪರವಾನಗಿ. ಪ್ರಮುಖ ಅಭಿವೃದ್ಧಿಕಾರನಿಂದ ಅನುಮತಿ ಪಡೆಯಲಾಗಿದೆ ಎಂದು ಮಾರಾಟಗಾರರು ತಿಳಿಸಿದರು. ಒಬ್ಬನೇ ಅಂತಹ ಅನುಮತಿ ನೀಡಲಾಗದೆಂದು ಇತರ ಅಭಿವೃದ್ಧಿಕಾರರು ಆಕ್ಷೇಪಿಸಿ, ಹೊರನಡೆದು ‘ಎಫ್‌ಬಿ ನಿಯೋ’ ಆರಂಭಿಸಿದರು.

ಮೇಮ್ ತಂಡ ಈ ಗಂಟನ್ನು ಮೊದಲೇ ಬಿಡಿಸಿಕೊಂಡಿತ್ತು. ಸುಮಾರು 10 ತಿಂಗಳ ಕಾಲ ಕೊಡುಗೆದಾರರನ್ನು ಸಂಪರ್ಕಿಸಿ ಅವರ ಅಭಿಮತ ಪಡೆದು, 2016ರ ಮಾರ್ಚ್‌ನಲ್ಲಿ ಮುಕ್ತ ಪರವಾನಗಿಗೆ ಬದಲಾಯಿತು. ಶೇಕಡಾ 90ಕ್ಕೂ ಹೆಚ್ಚು ಕಡತಗಳು ಸರಳವಾದ ಬಿಎಸ್‌ಡಿ ಪರವಾನಗಿಯಲ್ಲಿವೆ. ಒಟ್ಟು ಕೃತಿ ಜಿಪಿಎಲ್ ಪರವಾನಗಿಯಲ್ಲಿದೆ. 19 ವರ್ಷ ಹಳೆಯ ಷರತ್ತನ್ನು ಸಡಿಲಿಸಲು ಇಷ್ಟು ಶ್ರಮ ಬೇಕಾಯಿತೆಂಬುದೇ ಒಂದು ಪಾಠ.

ಎಲ್ಲರೂ ಇದೇ ದಾರಿ ಹಿಡಿದಿಲ್ಲ. ‘ಡಕ್‌ಸ್ಟೇಷನ್’ ಎಂಬ ಎಮ್ಯುಲೇಟರ್ 2024ರಲ್ಲಿ ಜಿಪಿಎಲ್ ತೊರೆದು ವಾಣಿಜ್ಯೇತರ ಪರವಾನಗಿಗೆ ಬದಲಾಯಿತು. ಅದು ಕರ್ತೃವಿನ ಹಕ್ಕು; ಅದನ್ನು ಗೌರವಿಸಲೇಬೇಕು. ಆದರೆ ಮುಕ್ತ ಪರವಾನಗಿಯೆಂದರೆ ಲಂಗುಲಗಾಮಿಲ್ಲದ ಸ್ವಾತಂತ್ರ್ಯವಲ್ಲ. ಜಿಪಿಎಲ್ ತಂತ್ರಾಂಶವನ್ನು ಮಾರುವವನು ಅದರ ಮೂಲ ಸಂಕೇತವನ್ನೂ, ತಾನು ಮಾಡಿದ ತಿದ್ದುಪಡಿಗಳನ್ನೂ ಗ್ರಾಹಕನಿಗೆ ಒದಗಿಸಬೇಕು. ‘ಮೇಮ್’ ಹೆಸರು ನೋಂದಾಯಿತ ವ್ಯಾಪಾರ ಚಿಹ್ನೆ. ಪರವಾನಗಿಯೊಂದಿಗೆ ಹೆಸರಿನ ಹಕ್ಕು ಬರುವುದಿಲ್ಲ. ಆಟಗಳ ಕೃತಿಸ್ವಾಮ್ಯವೂ ಅವುಗಳ ಒಡೆಯರದೇ. ಇಷ್ಟು ರಕ್ಷಣೆಯಿರುವಾಗ ವ್ಯಾಪಾರವನ್ನೇ ನಿಷೇಧಿಸುವ ಅಗತ್ಯ ಕಾಣದು.

ತಮ್ಮ ಉತ್ಪನ್ನದಲ್ಲಿ ಇಂತಹ ತಂತ್ರಾಂಶ ಅಳವಡಿಸುವ ಸಣ್ಣ ತಯಾರಕರು, ಕಚ್ಚಾ ಸಾಮಗ್ರಿಯ ಗುಣಮಟ್ಟ ಪರೀಕ್ಷಿಸುವಷ್ಟೇ ಎಚ್ಚರದಿಂದ ಪರವಾನಗಿಯನ್ನು ಓದಬೇಕು. ‘ವಾಣಿಜ್ಯೇತರ’ ಎಂಬ ಪದ ಕಂಡಲ್ಲಿ ಸಮಸ್ತ ಹಕ್ಕುದಾರರ ಲಿಖಿತ ಅನುಮತಿಯಿಲ್ಲದೆ ಮುಂದುವರಿಯಬಾರದು. ಮುಕ್ತ ಪರವಾನಗಿಯಿದ್ದಲ್ಲಿ ಅದರ ಷರತ್ತುಗಳನ್ನು ಚಾಚೂ ತಪ್ಪದೆ ಪಾಲಿಸಬೇಕು. ವ್ಯಾಪಾರಿಗಳು ನಂಬಿಕೆ ಉಳಿಸಿಕೊಂಡರೆ ಮಾತ್ರ ಅಭಿವೃದ್ಧಿಕಾರರು ಬಾಗಿಲು ತೆರೆದಿಡುತ್ತಾರೆ.