ಒಂದೇ ಕಾಲುವೆಯ ಸಾಕ್ಷ್ಯ

ಮಾನವ ಹೃದಯದ ‘ಹರ್ಗ್’ ಎಂಬ ಪೊಟ್ಯಾಸಿಯಂ ಕಾಲುವೆಯ ಜೀನನ್ನು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಸೇರಿಸಿದರೆ, ಅವು ಆ ಪ್ರೋಟೀನನ್ನು ತಾವೇ ರಚಿಸಿಕೊಡುತ್ತವೆ. ಹೊಸ ಔಷಧವೊಂದು ಕಾಲುವೆಯನ್ನು ಮುಚ್ಚುವುದೋ ಇಲ್ಲವೋ ಎಂಬುದನ್ನು ಬಳಿಕ ವಿದ್ಯುತ್ಪ್ರವಾಹವನ್ನು ಅಳೆದೇ ತಿಳಿಯಬಹುದು. ಭೌತವಿಜ್ಞಾನದವರಾದ ನಮಗಿದು ಸಂತೋಷದ ಸಂಗತಿ. ಅಲರ್ಜಿಯ ಔಷಧವಾದ ಟರ್ಫೆನಡೀನ್, ಕೆಲವು ಇತರ ಔಷಧಗಳೊಡನೆ ಸೇವಿಸಿದಾಗ, ಈ ಕಾಲುವೆಯನ್ನು ತಡೆದು ಹೃದಯದ ಲಯ ಕೆಡಿಸಿ ಪ್ರಾಣಕ್ಕೇ ಎರವಾಗುತ್ತಿತ್ತು. 1998ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿದ್ದಿತು. ಆದುದರಿಂದ ಪರೀಕ್ಷೆ ಬೇಕೇ ಬೇಕು. ಆದರೆ ಕಾಲುವೆ ಮುಚ್ಚಿತೆಂದೊಡನೆ ಔಷಧವನ್ನು ಎಸೆದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಹೃದಯದಲ್ಲಿ ಕಾಲುವೆಗಳು ಹಲವು. ಆ ಕೋಶಗಳಲ್ಲಿ ನಾವು ಅಳೆಯುವುದು ಒಂದನ್ನೇ. ಹೃದ್ರೋಗಿಗಳಿಗೆ ಇಂದಿಗೂ ಕೊಡುವ ವೆರಾಪಮಿಲ್ ಹರ್ಗನ್ನು ತಡೆಯುತ್ತದೆ; ಜೊತೆಗೆ ಕ್ಯಾಲ್ಸಿಯಂ ಕಾಲುವೆಯನ್ನೂ ತಡೆಯುವುದರಿಂದ ಆ ಅಪಾಯ ಅದರಲ್ಲಿ ತೀರ ವಿರಳ.