ಕರೆಂಟು ಹೋದ ಮೇಲಿನ ಪಾಠ

ನಾವು ನಾಲ್ಕು ಜನ ಸೆಕೆಂಡ್ ಇಯರ್‌ನವರು ಶನಿವಾರ ಚನ್ನಪಟ್ಟಣದ ಹತ್ತಿರದ ಒಂದು ಸರ್ಕಾರಿ ಶಾಲೆಗೆ ವಿಜ್ಞಾನ ಹೇಳಿಕೊಡೋಕೆ ಹೋಗ್ತೀವಿ. ಇಂಜಿನಿಯರಿಂಗ್ ಓದಿ ಮೇಷ್ಟ್ರಾಗ್ತೀನಿ ಅಂದ್ರೆ ಮನೆಯಲ್ಲಿ ಬೈತಾರೆ. ಆದ್ರೂ ನಮ್ಮಲ್ಲಿ ಇಬ್ಬರಿಗೆ ಆ ಆಸೆ ಇದೆ.

ಮೊದಲ ವಾರ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿದ್ವಿ. ಭೂಮಿ ತಿರುಗುವ ವಿಡಿಯೋ ಅರ್ಧಕ್ಕೆ ಬಂದಾಗ ಕರೆಂಟು ಹೋಯ್ತು. ನಾವು ಮುಖ ಮುಖ ನೋಡಿಕೊಂಡ್ವಿ. ಒಬ್ಬ ಹುಡುಗ ಬ್ಯಾಗಿಂದ ಅರಗಿನ ಬಣ್ಣದ ಬುಗುರಿ ತೆಗೆದು, "ಅಣ್ಣಾ, ಇದೂ ಹಿಂಗೇ ಅಲ್ವಾ?" ಅಂದ. ನಮಗೆ ಗೊತ್ತಿದ್ದಿದ್ದು 'ಆಕ್ಸಿಸ್' ಮಾತ್ರ. 'ಅಕ್ಷ' ಅಂತ ಹೇಳಿಕೊಟ್ಟಿದ್ದು ಅವನೇ. ಬುಗುರಿ ನಿಲ್ಲೋ ಮುಂಚೆ ವಾಲಾಡ್ತು. ಭೂಮಿಯ ಅಕ್ಷವೂ ಹೀಗೇ ವಾಲಾಡುತ್ತೆ, ಒಂದು ಸುತ್ತಿಗೆ ಸುಮಾರು 26,000 ವರ್ಷ ಅಂದ್ವಿ. ಕ್ಲಾಸ್ ಪೂರ್ತಿ ಬುಗುರಿ ಸುತ್ತ ಕೂತಿತ್ತು.

ಹಾಗಂತ ಟೆಕ್ನಾಲಜಿ ಬೇಡ ಅನ್ನೋಕಾಗಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಆ್ಯಪ್‌ನಲ್ಲಿ ಪಾಠ ತೆರೆಯುತ್ತೆ. ಹೃದಯದ ಕವಾಟ ಮುಚ್ಚಿ ತೆರೆಯೋದನ್ನ ಸೀಮೆಸುಣ್ಣದಲ್ಲಿ ನಾವು ತೋರಿಸಲಾರೆವು. ಆದ್ರೆ ಎಷ್ಟೋ ಮನೆಗಳಲ್ಲಿ ಇರೋ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತೆ.

2020ರಲ್ಲಿ ನಾವು ಆನ್‌ಲೈನ್ ಕ್ಲಾಸಲ್ಲಿ ಕ್ಯಾಮೆರಾ ಆಫ್ ಮಾಡಿ ನಿದ್ದೆ ಹೊಡೀತಿದ್ವಿ. ಆಗ ಸರ್ಕಾರಿ ಶಾಲೆಯ ಮೇಷ್ಟ್ರುಗಳು 'ವಿದ್ಯಾಗಮ'ದಲ್ಲಿ ಮರದ ಕೆಳಗೆ, ದೇವಸ್ಥಾನದ ಜಗಲಿ ಮೇಲೆ ಮಕ್ಕಳನ್ನ ಕೂರಿಸಿ ಪಾಠ ಮಾಡ್ತಿದ್ರು. ಯಾರಿಗೆ ಪಾಠ ಹತ್ತಿತು ಅಂತ ನಮಗೆ ಗೊತ್ತು.

ಕಣ್ಣಿಗೆ ಕಾಣದ್ದನ್ನ ತೋರಿಸೋಕೆ ಪರದೆ ಇರಲಿ; ಕೈಗೆ ಸಿಗೋದನ್ನ ಕೈಗೇ ಕೊಡೋಣ. ಮುಂದಿನ ಶನಿವಾರ ಪ್ರೊಜೆಕ್ಟರ್ ತಗೊಂಡೇ ಹೋಗ್ತೀವಿ, ಜೊತೆಗೆ ಬುಗುರಿನೂ. ನೀವೂ ಬನ್ನಿ.