ತೋಟ ತೋರಿಸುವ ಆದಾಯ ಯಾರ ಪಾಲಿಗೆ?

ಕಳೆದ ಫೆಬ್ರುವರಿಯಲ್ಲಿ ನಂದಿ ಬೆಟ್ಟದ ಸೀಮೆಯ ಒಂದು ದ್ರಾಕ್ಷಿತೋಟವನ್ನು ತೆರೆದ ಜೀಪಿನಲ್ಲಿ ಸುತ್ತಿ ಬಂದೆ. ಬೆಂಗಳೂರಿನಲ್ಲಿರುವ ಮಗಳು, ನಿವೃತ್ತ ತಂದೆಗೆ ಒಂದಿಷ್ಟು ಹೊರಗಿನ ಗಾಳಿ ಸೋಕಲೆಂದು ಏರ್ಪಡಿಸಿದ ಖಾಸಗಿ ಪ್ರವಾಸ ಅದು. ನಾವು ಮನೆಯವರು ನಾಲ್ವರು, ಒಬ್ಬ ಚಾಲಕ, ಒಬ್ಬ ಮಾರ್ಗದರ್ಶಿ. ಜೀಪು ಡಾಂಬರು ರಸ್ತೆ ಬಿಟ್ಟು ಕಲ್ಲುಮಣ್ಣಿನ ಏರು ಹತ್ತತೊಡಗಿದಾಗ ಮಾರ್ಗದರ್ಶಿ, ಈಗ 'ಆಫ್‌ರೋಡ್' ಶುರುವಾಯಿತೆಂದು ಉತ್ಸಾಹದಿಂದ ಘೋಷಿಸಿದ. ನರೇಗಲ್ಲಿನ ಎರೆಹೊಲಗಳಲ್ಲಿ ಬೆಳೆದ ನನಗೆ ಡಾಂಬರು ಬಿಟ್ಟು ಹೋಗುವುದೆಂದರೆ ಹೊಲಕ್ಕೆ ಹೋಗುವುದು, ಅಷ್ಟೇ. ಅದಕ್ಕೊಂದು ಹೆಸರಿರಬಹುದೆಂದು ತಿಳಿದಿರಲಿಲ್ಲ, ದರವಿರಬಹುದೆಂದಂತೂ ಊಹಿಸಿರಲಿಲ್ಲ.

ಆ ತರುಣ ವಿಷಯ ಬಲ್ಲವನೇ ಆಗಿದ್ದ. ನಮ್ಮ ಉಷ್ಣವಲಯದಲ್ಲಿ ದ್ರಾಕ್ಷಿಬಳ್ಳಿಗೆ ಯುರೋಪಿನಂತೆ ಚಳಿಗಾಲದ ನಿದ್ರೆ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಸವರಬೇಕು. ವಿಜಯಪುರದ ಬೆಳೆಗಾರರು ಇದನ್ನೇ ಚಾಟ್ನಿ ಎನ್ನುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಹಣ್ಣು ಬರಲು. ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಲು. ಶಿರಾಜ್, ಕ್ಯಾಬರ್ನೆ, ಸೋವಿನ್ಯೊಂ ಬ್ಲಾಂಕ್ ಎಂದು ಫ್ರೆಂಚ್ ಮೂಲದ ತಳಿಗಳನ್ನು ಆತ ಸಾಲುಸಾಲಾಗಿ ಪರಿಚಯಿಸಿದ. ಬೇಲಿಯಾಚೆ ಚಪ್ಪರದ ಮೇಲೆ ಹಬ್ಬಿದ್ದ ಕಪ್ಪುಗೊಂಚಲುಗಳು ಯಾವುವು ಎಂದು ಕೇಳಿದೆ. 'ಅದು ಬೆಂಗಳೂರು ಬ್ಲೂ ಸರ್, ಅಕ್ಕಪಕ್ಕದ ರೈತರದು' ಎಂದವನೇ ಮುಂದಿನ ಸಾಲಿಗೆ ನಡೆದ. 2013ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಹಣ್ಣದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಸಣ್ಣ ಹಿಡುವಳಿದಾರರು ತಲೆಮಾರುಗಳಿಂದ ಬೆಳೆಯುತ್ತಿರುವುದು. ನಮ್ಮ ಪ್ರವಾಸದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಎರಡು ತಾಸಿನ ಈ ಸವಾರಿಗೆ ಮಗಳು ತೆತ್ತ ಹಣ ನಮ್ಮೂರಿನ ಕೃಷಿಕೂಲಿಯವರ ಹಲವು ದಿನಗಳ ಸಂಬಳಕ್ಕೆ ಸಮ. ಆ ಹಣದಲ್ಲಿ ಹಣ್ಣಿನ ಬೆಲೆ ನಗಣ್ಯ. ನಾವು ಕೊಂಡದ್ದು ನೋಟವನ್ನು, ಇಳಿಜಾರನ್ನು, ದಾರಿಯ ಕುಲುಕಾಟವನ್ನು. ಫಲವತ್ತಾದ ನೆಲ ತನ್ನ ಒಡೆಯನಿಗೆ ದುಡಿಮೆಯ ಕೂಲಿಗಿಂತ ಹೆಚ್ಚಾಗಿ ತಂದುಕೊಡುವ ಆದಾಯವನ್ನು ರಿಕಾರ್ಡೊ ಗೇಣಿ ಎಂದು ವಿವರಿಸಿದ್ದ. ಇಲ್ಲಿ ಫಲವತ್ತತೆಯ ಸ್ಥಾನವನ್ನು ಚೆಲುವು ಆಕ್ರಮಿಸಿದೆ. ಆದರೆ ಪ್ರಶ್ನೆ ಹಳೆಯದೇ: ಆ ಗೇಣಿ ಯಾರ ಕೈ ಸೇರುತ್ತದೆ?

ಈ ಪ್ರಶ್ನೆ ನನಗೆ ಪುಸ್ತಕದ್ದಾಗಿ ಉಳಿದಿಲ್ಲ. ಪ್ರವಾಸದಿಂದ ಮರಳಿದ ಕೆಲವೇ ವಾರಗಳಲ್ಲಿ ನರೇಗಲ್ಲಿನಿಂದ ಅಣ್ಣನ ಮಗನ ಫೋನು ಬಂತು. 'ಕಾಕಾ, ಬೆಂಗಳೂರಿನವರೊಬ್ಬರು ಬಂದಿದ್ರು. ನಮ್ಮ ಮಸಾರಿ ಹೊಲ ಕೇಳಾಕತ್ಯಾರ. ದ್ರಾಕ್ಷಿ ಹಾಕ್ತಾರಂತ, ಮಂದಿನ್ನ ಕರಕೊಂಡು ಬಂದು ಜೀಪಿನ್ಯಾಗ ತೋರಸ್ತಾರಂತ. ಏನ್ ಮಾಡೂಣು?' ನಮ್ಮ ಎರೆಹೊಲವನ್ನು ಅವರು ಕೇಳಿಲ್ಲ. ಹೆಸರು, ಕಡಲೆ, ಬಿಳಿಜೋಳ ಬೆಳೆಯುವ ಕಪ್ಪು ನೆಲ ನೀರು ಹಿಡಿದಿಡುತ್ತದೆ. ಬೇರಿಗೆ ಗಾಳಿಯಾಡುವ, ನೀರು ಬಸಿದುಹೋಗುವ ನೆಲ ಬೇಕೆನ್ನುವ ದ್ರಾಕ್ಷಿಗೆ ಅದು ಒಗ್ಗದು. ಮಳೆ ಬಿದ್ದರಂತೂ ಎರೆಯಲ್ಲಿ ಜೀಪಿರಲಿ, ಎತ್ತೂ ಹೂತುಹೋಗುತ್ತದೆ. ಅವರ ಕಣ್ಣು ಬಿದ್ದಿರುವುದು ಗಜೇಂದ್ರಗಡದ ದಿಕ್ಕಿಗೆ ನೆಲ ಏರುವಲ್ಲಿನ ಕೆಂಪು ಗರಸಿನ ತುಂಡಿನ ಮೇಲೆ. ನಾಲ್ಕು ಚೀಲ ಸಜ್ಜೆ ಕೊಟ್ಟರೆ ಅಣ್ಣ ಅದನ್ನು ಒಳ್ಳೆಯ ವರ್ಷವೆಂದು ಕರೆಯುತ್ತಿದ್ದ.

ಬಂದವರು ದಡ್ಡರಲ್ಲ. ನಮಗೆ ಹೊಂದಿಕೊಂಡ ಕೊಪ್ಪಳ ಜಿಲ್ಲೆಯ ಗುಡ್ಡಗಳಲ್ಲಿ ಕೃಷ್ಮಾ ಎಸ್ಟೇಟ್ಸ್ ವೈನ್ ದ್ರಾಕ್ಷಿ ಬೆಳೆದು, 'ಹಂಪಿ ಹಿಲ್ಸ್' ಎಂಬ ಹೆಸರನ್ನು ಶೀಶೆಯ ಮೇಲೆ ಅಚ್ಚೊತ್ತಿ, ಈ ಒಣಸೀಮೆಯ ಗರಸುನೆಲ ಏನು ಕೊಡಬಲ್ಲದೆಂದು ತೋರಿಸಿದೆ. ನೋಡಲೂ ನಮ್ಮಲ್ಲಿ ಸಾಕಷ್ಟಿದೆ. ನರೇಗಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ವಿಶಾಲ ಜೈನ ದೇಗುಲ, ಅಕ್ಕಾದೇವಿ ಆಳಿದ ಸೂಡಿಯಲ್ಲಿ ನಾಗಕುಂಡ, ಗಜೇಂದ್ರಗಡದ ಬೆಟ್ಟದಲ್ಲಿ ಕಾಲಕಾಲೇಶ್ವರ. ಗುಡ್ಡಗಳ ನೆತ್ತಿಗೆ ಗಾಳಿಯಂತ್ರಗಳನ್ನು ಸಾಗಿಸಲು ಕಡಿದ ಕಚ್ಚಾರಸ್ತೆಗಳು ಆಗಲೇ ಇವೆ. ಜೀಪಿನ ಪ್ರವಾಸಕ್ಕೆ ಇದಕ್ಕಿಂತ ಹೆಚ್ಚಿನ ಸಿದ್ಧತೆ ಬೇಕಿಲ್ಲ.

ಹಾಗಾದರೆ ಹೊಲ ಮಾರದೆ ತಾವೇ ದ್ರಾಕ್ಷಿ ಹಾಕಬಾರದೇಕೆ ಎಂದು ಕೇಳುವವರಿದ್ದಾರೆ. ವೈನ್ ದ್ರಾಕ್ಷಿಯ ಅರ್ಥಶಾಸ್ತ್ರ ಅಷ್ಟು ಸರಳವಲ್ಲ. ವಿಜಯಪುರದಲ್ಲಿ ಥಾಮ್ಸನ್ ಸೀಡ್‌ಲೆಸ್ ಬೆಳೆಯುವವನಿಗೆ ಎರಡು ಬಾಗಿಲುಗಳಿವೆ: ಧಾರಣೆ ಇದ್ದರೆ ಹಣ್ಣಾಗಿಯೇ ಮಾರುತ್ತಾನೆ, ಬಿದ್ದರೆ ಗೊಂಚಲನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಬಲೆಗಳ ಮೇಲೆ ನೆರಳಲ್ಲಿ ಒಣಗಿಸಿ, ಒಣದ್ರಾಕ್ಷಿ ಮಾಡಿ ಕಾಯುತ್ತಾನೆ. ವೈನ್ ದ್ರಾಕ್ಷಿ ಸಣ್ಣದು, ದಪ್ಪ ಸಿಪ್ಪೆಯದು, ಬೀಜದ್ದು. ಸಂತೆಯಲ್ಲಿ ಯಾರೂ ಕೊಳ್ಳರು, ಒಣಗಿಸಿದರೂ ಸಲ್ಲದು. ಅದಕ್ಕಿರುವುದು ಒಂದೇ ಬಾಗಿಲು, ವೈನರಿಯದು. 2001ರಲ್ಲಿ ಮಹಾರಾಷ್ಟ್ರ ತನ್ನ ದ್ರಾಕ್ಷಿ ಸಂಸ್ಕರಣಾ ನೀತಿ ತಂದ ಮೇಲೆ ನಾಸಿಕದ ರೈತರು ಹುರುಪಿನಿಂದ ಈ ಬಳ್ಳಿಗಳನ್ನು ನೆಟ್ಟರು. 2008ರ ಜಾಗತಿಕ ಹಿಂಜರಿತ ಮತ್ತು ಅದೇ ನವೆಂಬರಿನ ಮುಂಬೈ ದಾಳಿಯ ನಂತರ ಹೋಟೆಲುಗಳು ಬಣಗುಟ್ಟಿದವು. ವೈನರಿಗಳ ಟ್ಯಾಂಕುಗಳಲ್ಲಿ ಮಾರಾಟವಾಗದ ವೈನ್ ಉಳಿಯಿತು. ಕೊಳ್ಳುವವರಿಲ್ಲದೆ ಹಲವು ರೈತರು ಬಳ್ಳಿಗಳನ್ನು ಕಿತ್ತರು. ಅದೇ ನಾಸಿಕದಲ್ಲಿ 2005ರಲ್ಲಿ ಸುಲಾ ಸಂಸ್ಥೆ ತೆರೆದ ರುಚಿನೋಡುವ ಕೋಣೆ ಮುಂದೆ ದೊಡ್ಡ ಪ್ರವಾಸೋದ್ಯಮವಾಗಿ ಬೆಳೆಯಿತು. ಬಳ್ಳಿಯ ಅಪಾಯ ರೈತನ ಪಾಲಿಗೆ, ನೋಟದ ಆದಾಯ ಸಂಸ್ಥೆಯ ಪಾಲಿಗೆ. ಇದರಲ್ಲಿ ಯಾರ ಅಪರಾಧವನ್ನೂ ನಾನು ಕಾಣುತ್ತಿಲ್ಲ; ವ್ಯವಸ್ಥೆ ರಚಿತವಾದ ರೀತಿಯೇ ಹಾಗೆ.

ಕರ್ನಾಟಕದ ಅನುಭವವೂ ಭಿನ್ನವಲ್ಲ. 1988ರಲ್ಲಿ ದೊಡ್ಡಬಳ್ಳಾಪುರದ ಬಳಿ ಆರಂಭವಾದ ಗ್ರೋವರ್ ವೈನ್‌ಯಾರ್ಡ್ಸ್ 1992ರಲ್ಲಿ ಮೊದಲ ವೈನ್ ಹೊರತಂದಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ರೂಪಿಸಿತು. ಮಂಡಳಿ ಬಂತು, ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ವಲಯಗಳು ಬಂದವು. ನೀತಿಯ ಲಕ್ಷ್ಯವೆಲ್ಲ ಶೀಶೆಯ ಮೇಲಿತ್ತು: ಎಷ್ಟು ಸುಂಕ, ಎಲ್ಲಿ ಮಾರಾಟ. ತೋಟಕ್ಕೆ ಬರುವ ಮನುಷ್ಯನ ಜೇಬಿನಿಂದ ಇಳಿಯುವ ಹಣದಲ್ಲಿ ಬೆಳೆಗಾರನ ಪಾಲೆಷ್ಟು ಎಂಬುದು ಅದರ ಚಿಂತೆಯಾಗಿರಲಿಲ್ಲ.

ಇನ್ನು ಕಾನೂನಿನ ವಿಚಾರ. ಕಂದಾಯ ಇಲಾಖೆಯಲ್ಲಿ ಬಾಳು ಸವೆಸಿದ ನನಗೆ ಇದೇ ಹೆಚ್ಚು ಕಾಡುವ ಸಂಗತಿ. 1961ರ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಹೆಚ್ಚು ಕೃಷಿಯೇತರ ಆದಾಯವುಳ್ಳವರನ್ನೂ ಕೃಷಿಕರಲ್ಲದವರನ್ನೂ ಸಾಗುವಳಿ ಭೂಮಿಯ ಖರೀದಿಯಿಂದ ದೂರವಿಟ್ಟಿದ್ದವು. 2020ರಲ್ಲಿ ಅವು ರದ್ದಾದವು. ಅವುಗಳ ಹೆಸರಿನಲ್ಲಿ ಕಚೇರಿಗಳಲ್ಲಿ ನಡೆಯುತ್ತಿದ್ದ ವ್ಯವಹಾರಗಳನ್ನು ಬಲ್ಲ ನಾನು ಆ ಕಲಮುಗಳಿಗಾಗಿ ಕಣ್ಣೀರು ಹಾಕುವವನಲ್ಲ. ಆದರೆ ಅದೇ ಕಾಯ್ದೆಯ 5ನೇ ಕಲಮು ಹಾಗೆಯೇ ನಿಂತಿದೆ: ಕೆಲವು ವಿನಾಯಿತಿಗಳನ್ನು ಬಿಟ್ಟರೆ ಸಾಗುವಳಿ ಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. 1974ರ ತಿದ್ದುಪಡಿಯ ಕಾಲಕ್ಕೆ, ಉಳುವವನನ್ನೇ ಒಡೆಯನನ್ನಾಗಿಸುವ ಹೋರಾಟದ ದಿನಗಳಲ್ಲಿ, ಆ ನಿಷೇಧಕ್ಕೆ ನ್ಯಾಯವಿತ್ತು. ಗೇಣಿದಾರ ಬಡವನಾಗಿದ್ದ, ಒಡೆಯ ಬಲಾಢ್ಯನಾಗಿದ್ದ. ಇಂದು ಗೇಣಿಗೆ ಕೇಳುವವನು ಕಂಪನಿಯವನು, ಕೊಡಬೇಕಾದವನು ನಾಲ್ಕೆಕರೆಯ ರೈತ. ಪರಿಣಾಮವೇನೆಂದರೆ ನನ್ನ ಅಣ್ಣನ ಮಗ ತನ್ನ ಮಸಾರಿ ಹೊಲವನ್ನು ಯಾರಿಗಾದರೂ ಸಂಪೂರ್ಣವಾಗಿ ಮಾರಿಬಿಡಬಲ್ಲ. ಹತ್ತು ವರ್ಷಕ್ಕೆಂದು ಬರೆದುಕೊಟ್ಟು, ಒಡೆತನ ಉಳಿಸಿಕೊಂಡು, ಬಂದ ಪ್ರವಾಸಿಗರ ಲೆಕ್ಕದಲ್ಲಿ ಪಾಲು ಕೇಳಲಾರ. ಕಳೆದುಕೊಳ್ಳುವ ದಾರಿಯನ್ನು ಅಗಲ ಮಾಡಿ, ಉಳಿಸಿಕೊಳ್ಳುವ ದಾರಿಗೆ ಬೇಲಿ ಹಾಕಿದ್ದೇವೆ.

ಇದು ಬದಲಾಗದ ವಿಧಿಯೇನಲ್ಲ. ಪಾವಗಡದ ಸೌರವಿದ್ಯುತ್ ಪಾರ್ಕಿಗೆ ಸುಮಾರು 13,000 ಎಕರೆ ಬೇಕಾದಾಗ ಸರ್ಕಾರ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಕೊಳ್ಳಲೂ ಇಲ್ಲ. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆಯ ಕರಾರಿನೊಂದಿಗೆ. ಪಹಣಿಯಲ್ಲಿ ರೈತನ ಹೆಸರು ಉಳಿಯಿತು. ಅಲ್ಲಿಯೂ ಕೊರತೆಗಳಿದ್ದವು: ಭೂಮಿಯಿಲ್ಲದ ಕೂಲಿಕಾರನಿಗೆ ಗುತ್ತಿಗೆಯಲ್ಲಿ ಪಾಲಿರಲಿಲ್ಲ, ಹೊಲದ ಕೆಲಸವೂ ಹೋಯಿತು. ಸೌರಫಲಕಕ್ಕೆ ಕೈಗಳು ಬೇಡ. ಬಳ್ಳಿಗೆ ಬೇಕು, ಪ್ರವಾಸಿಗನಿಗೆ ರೊಟ್ಟಿ ಬಡಿಯಲು, ದಾರಿ ತೋರಲು, ಸೂಡಿಯ ಕತೆ ಹೇಳಲು ಇನ್ನೂ ಹೆಚ್ಚು ಬೇಕು. ಗೋವಾಕ್ಕೂ ಮಂಗಳೂರಿಗೂ ದುಡಿಯಲು ಗುಳೆ ಹೋಗುವ ನಮ್ಮ ಸೀಮೆಯ ಯುವಕರನ್ನು ಬಲ್ಲವರಿಗೆ ಈ ವ್ಯತ್ಯಾಸದ ಬೆಲೆ ತಿಳಿದೀತು. ಸೂರ್ಯನ ಬೆಳಕಿಗೆ ತೆರೆದ ಬಾಗಿಲನ್ನು ನೋಟಕ್ಕೂ ತೆರೆಯಲು ಒಂದು ಸಣ್ಣ ತಿದ್ದುಪಡಿ ಸಾಕು: ಒಡೆತನ ರೈತನದಾಗಿಯೇ ಇರಬೇಕು, ಅವಧಿ ನಿಗದಿಯಾಗಿರಬೇಕು, ಪ್ರವೇಶ ಶುಲ್ಕದಲ್ಲಿ ಕನಿಷ್ಠ ಪಾಲು ಕರಾರಿನಲ್ಲಿಯೇ ಬರೆದಿರಬೇಕು. 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿಯನ್ನೇ ಪ್ರತ್ಯೇಕವಾಗಿ ತಂದ ಮಹಾರಾಷ್ಟ್ರ ಈ ನಿಟ್ಟಿನಲ್ಲಿ ನಮಗಿಂತ ಮುಂದಿದೆ.

ನಮ್ಮ ಭಾಗದ ಹಿರಿಯರಿಗೆ ನೆಲದ ಮೌಲ್ಯವೃದ್ಧಿಯ ಮಾತು ಬಂದರೆ ನೆನಪಾಗುವುದು 1980ರ ಜುಲೈ. ಮಲಪ್ರಭೆಯ ಕಾಲುವೆ ಬಂದದ್ದರಿಂದ ನಿಮ್ಮ ಭೂಮಿಯ ಬೆಲೆ ಏರಿದೆ, ಆದ್ದರಿಂದ ಬೆಟರ್‌ಮೆಂಟ್ ಲೆವಿ ಕೊಡಿ ಎಂದು ಸರ್ಕಾರ ರೈತರನ್ನು ಕೇಳಿತ್ತು. ನೀರು ಸರಿಯಾಗಿ ತಲುಪದವರಿಗೂ ನೋಟೀಸು ಹೋಯಿತು. ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಜುಲೈ 21ರಂದು ಗೋಲಿಬಾರಿನಲ್ಲಿ ಜೀವಗಳು ಹೋದವು. ಆಗ ನಾನು ಧಾರವಾಡದಲ್ಲಿ ಬಿ.ಎ. ವಿದ್ಯಾರ್ಥಿ, ಬಸ್ಸುಗಳು ನಿಂತು ವಾರಗಟ್ಟಲೆ ಊರಿಗೆ ಹೋಗಲಾಗಿರಲಿಲ್ಲ. ಸಾರ್ವಜನಿಕ ವೆಚ್ಚದಿಂದ ನೆಲದ ಬೆಲೆ ಏರಿದರೆ ಅದರ ಒಂದಂಶ ಸಮಾಜಕ್ಕೆ ಮರಳಬೇಕೆಂಬ ತತ್ವ ಅರ್ಥಶಾಸ್ತ್ರದಲ್ಲಿ ಗೌರವಾನ್ವಿತವಾದದ್ದೇ. ಅದನ್ನು ನಾವು ಪ್ರಯೋಗಿಸಿದ್ದು ಬೆವರು ಸುರಿಸಿದವನ ಮೇಲೆ. ಈಗ ರಸ್ತೆ, ವಿದ್ಯುತ್ತು, ಪ್ರವಾಸೋದ್ಯಮದ ಜಾಹೀರಾತು, ಎಲ್ಲಕ್ಕೂ ಸರ್ಕಾರ ವೆಚ್ಚ ಮಾಡಿ ಗುಡ್ಡದ ನೆಲದ ಬೆಲೆ ಏರಿಸುತ್ತಿರುವಾಗ, ಏರಿಕೆಗೆ ಮುನ್ನವೇ ಅಗ್ಗಕ್ಕೆ ಕೊಂಡವನನ್ನು ಯಾರೂ ಆ ಕರ ಕೇಳುತ್ತಿಲ್ಲ. ಗಾಳಿಯಂತ್ರಗಳ ಕಾಲದಲ್ಲಿಯೂ ಹೀಗೆಯೇ ಆಯಿತು. ಒಮ್ಮೆ ಗುಡ್ಡ ಮಾರಿದವನಿಗೆ ಗಾಳಿಯ ಆದಾಯದಲ್ಲಿ ಪಾಲಿಲ್ಲ. ತಿರುಗುವ ರೆಕ್ಕೆಗಳನ್ನು ನೋಡುತ್ತ ಕೂರಬಹುದು, ಅದಕ್ಕೆ ಮಾತ್ರ ಸದ್ಯಕ್ಕೆ ಶುಲ್ಕವಿಲ್ಲ.

ದ್ರಾಕ್ಷಿ ಎಂದೊಡನೆ ಮದ್ಯದ ಪ್ರಶ್ನೆ ಎದ್ದೇ ಏಳುತ್ತದೆ, ಏಳಬೇಕು ಕೂಡ. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕೆ ಒತ್ತಾಯಿಸಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಹೆಣ್ಣುಮಕ್ಕಳು ಬಹುಪಾಲು ನಮ್ಮಂತಹ ಒಣಸೀಮೆಯ ಹಳ್ಳಿಗಳವರು. ಅವರೆದುರು ವೈನ್ ಬೇರೆ, ಸಾರಾಯಿ ಬೇರೆ ಎಂದು ವಾದಿಸುವ ಧೈರ್ಯ ನನಗಿಲ್ಲ. ಆದರೆ ತೋಟದ ಪ್ರವಾಸಕ್ಕೆ ಬಟ್ಟಲು ಅನಿವಾರ್ಯವೇನಲ್ಲ. ನಂದಿಯ ಆ ತೋಟದಲ್ಲಿ ಸವಾರಿಯ ಕೊನೆಗೆ ಎಲ್ಲರ ಮುಂದೆ ಗಾಜಿನ ಬಟ್ಟಲು ಇಟ್ಟಾಗ ನಾನು ದ್ರಾಕ್ಷಿರಸ ಕೇಳಿದೆ, ಇರಲಿಲ್ಲ. ಎರಡು ತಾಸು ದ್ರಾಕ್ಷಿಯ ನಡುವೆ ಸುತ್ತಿ ನೀರು ಕುಡಿದು ಬಂದೆ.

ಅಡ್ಡಿಯಿರುವುದು ಸರ್ಕಾರದ ಮೂರು ಮೇಜುಗಳ ನಡುವೆ. ಹೊಲಕ್ಕೆ ಬಂದವರಿಗೆ ರೈತ ಚಪ್ಪರದಡಿ ಊಟ ಹಾಕಿ ಹಣ ಪಡೆದರೆ ತಹಶೀಲ್ದಾರರಿಗೆ ಅದು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಭೂಪರಿವರ್ತನೆಯ ಪ್ರಶ್ನೆಯಾಗಿ ಕಾಣಬಹುದು, ಪ್ರವಾಸೋದ್ಯಮ ಇಲಾಖೆಗೆ ಸ್ವಾಗತಾರ್ಹ ಉಪಕ್ರಮವಾಗಿ, ಅಬಕಾರಿಯವರಿಗೆ ಶಂಕಾಸ್ಪದವಾಗಿ. ಈ ಮೇಜುಗಳಲ್ಲಿ ಒಂದರ ಹಿಂದೆ ನಾನೂ ಕುಳಿತಿದ್ದೆ. ಕಡತವನ್ನು 'ಸ್ಪಷ್ಟೀಕರಣ ಕೋರಿ' ಎಂದು ಬರೆದು ಹಿಂದಿರುಗಿಸುವುದು ಎಷ್ಟು ಸುಲಭವೆಂದು ಬಲ್ಲೆ. ದೊಡ್ಡ ಎಸ್ಟೇಟಿಗೆ ಆ ಕಡತದ ಬೆನ್ನು ಹತ್ತಲು ಸಂಬಳದ ಜನರಿದ್ದಾರೆ. ನನ್ನ ಅಣ್ಣನ ಮಗ ಒಂದು ದಿನ ಗದಗಿಗೆ ಹೋದರೆ ಎರಡು ಎಮ್ಮೆಗಳಿಗೆ ಮೇವು ಹಾಕುವವರಿಲ್ಲ. ಶಾಶ್ವತ ಕಟ್ಟಡವಿಲ್ಲದ ತೋಟದರ್ಶನವನ್ನು ಕೃಷಿಯ ಅಂಗವೆಂದೇ ಸಾರುವ ಒಂದು ಸುತ್ತೋಲೆ ಹೊರಬಿದ್ದರೆ ಅರ್ಧ ತೊಡಕು ನೀಗುತ್ತದೆ.

ಯುಗಾದಿಗೆ ಊರಿಗೆ ಹೋದಾಗ ಆ ಹೊಲಕ್ಕೆ ನಡೆದು ಹೋದೆವು. ನಾನು ಒಂದು ಕರಡು ಬರೆದು ಒಯ್ದಿದ್ದೆ: ಭೂಮಿ ನಮ್ಮದು, ಬಳ್ಳಿ ನಮ್ಮದು, ಪ್ರವಾಸಿಗರನ್ನು ತರುವುದು ಅವರದು, ತಲೆಗಿಷ್ಟೆಂದು ಹಣ ನಮಗೆ. ಗೇಣಿಯಲ್ಲದ, ಸೇವೆಯ ಒಪ್ಪಂದವಾಗಿ ಅದು ಕಾನೂನಿನ ಮುಂದೆ ನಿಲ್ಲುತ್ತದೆಯೋ ಇಲ್ಲವೋ ಎಂದು ಗದಗಿನ ವಕೀಲ ಮಿತ್ರರೊಬ್ಬರು ನೋಡುತ್ತಿದ್ದಾರೆ. ಕೊಳ್ಳಲು ಬಂದಿದ್ದವರು ಇದಕ್ಕೆ ಹೂಂ ಎಂದೂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ಮರಳುವಾಗ ಹುಡುಗ ಇನ್ನೊಂದು ಮಾತು ಹೇಳಿದ. ಮಸಾರಿ ಹೊಲಕ್ಕೆ ಬರುವ ಬಂಡಿದಾರಿ ಮೂವರ ಹೊಲಗಳನ್ನು ಹಾಯ್ದು ಬರುತ್ತದೆ. ಬಂಡಿಗೆಂದು ಅಜ್ಜಂದಿರ ಕಾಲದಿಂದ ಬಿಟ್ಟುಕೊಟ್ಟ ದಾರಿ ಅದು. ದಿನಕ್ಕೆ ಹತ್ತು ಜೀಪು ಓಡಿದರೆ ಬದುವಿನ ಗತಿಯೇನು ಎಂದು ಆ ಮೂವರನ್ನು ಅವರಾಗಲಿ ನಾವಾಗಲಿ ಈವರೆಗೆ ಕೇಳಿಲ್ಲ.